ನಿಮಗಿದು ಗೊತ್ತೇ? ಅಕ್ರಮ, ಸಕ್ರಮ, ನಡುವೆ ಒಂದು ತಾರೀಖು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ‘ಅಕ್ರಮ–ಸಕ್ರಮ’ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಗರ್ ಹುಕುಂ ಸಾಗುವಳಿ, ನಮೂನೆ 57, ತಾಲ್ಲೂಕು ಕಚೇರಿಗೆ ತಿರುಗಾಟ ಎಲ್ಲರಿಗೂ ಗೊತ್ತು. ಆದರೆ ಸರ್ಕಾರಗಳು ಜಮೀನನ್ನಷ್ಟೇ ಸಕ್ರಮ ಮಾಡುವುದಿಲ್ಲ, ಊರುಗಳನ್ನೂ ಮನುಷ್ಯರನ್ನೂ ಮಾಡುತ್ತವೆ. ಕಾಗದವಿಲ್ಲದ ಹಟ್ಟಿಯವರಿರಲಿ, ವೀಸಾ ಮುಗಿದ ಮೇಲೂ ಉಳಿದವರಿರಲಿ, ಗಡಿ ದಾಟಿ ಬಂದವರಿರಲಿ, ಎಲ್ಲರ ಕಡತದಲ್ಲೂ ಎದುರಾಗುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಯಾವ ತಾರೀಖಿಗೆ ಮೊದಲಿನಿಂದ ಇಲ್ಲಿದ್ದೀರಿ?

ಮೊದಲು ಜಮೀನು

• ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಕಂದಾಯ ಉಪವಿಭಾಗ. ಶಿಕ್ಷಣ ಇಲಾಖೆಯ ಲೆಕ್ಕದಲ್ಲೂ ಇವೇ ನಾಲ್ಕು ಸೇರಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’. ತಹಶೀಲ್ದಾರರ ಆದೇಶ ಸರಿಯಿಲ್ಲ ಎನ್ನುವವರು ಮೇಲ್ಮನವಿಗೆ ಮೊದಲು ಹತ್ತುವ ಮೆಟ್ಟಿಲು ಮಧುಗಿರಿಯ ಎ.ಸಿ. ಕಚೇರಿಯದು.

• ಬಗರ್ ಹುಕುಂ ಸಕ್ರಮಕ್ಕೆ ಮೂರು ಸುತ್ತಿನಲ್ಲಿ ಅರ್ಜಿ ಕರೆದಿದ್ದಾರೆ. 1991ರಲ್ಲಿ ನಮೂನೆ 50, ಅದೇ ದಶಕದ ಕೊನೆಗೆ ನಮೂನೆ 53, 2018ರಲ್ಲಿ ನಮೂನೆ 57. ನಮೂನೆ 50 ಹಾಕುವವರು 1990ರ ಏಪ್ರಿಲ್ 14ಕ್ಕೆ ಮೊದಲೇ ಉಳುತ್ತಿರಬೇಕಿತ್ತು. ನಮೂನೆ 57ರ ಹೊತ್ತಿಗೆ ಆ ಗಡುವು 2005ರ ಜನವರಿ 1ಕ್ಕೆ ಬಂತು. ಹದಿನಾಲ್ಕು ವರ್ಷ ತಡವಾಗಿ ನೇಗಿಲು ಹೂಡಿದವರೂ ಒಂದು ತಿದ್ದುಪಡಿಯಿಂದ ಅರ್ಹರಾದರು.

• ಹಾಗೆಂದು ಎಲ್ಲರಿಗೂ ಸಿಗುವುದಿಲ್ಲ. ಅರ್ಜಿದಾರರ ಒಟ್ಟು ಜಮೀನು 4 ಎಕರೆ 38 ಗುಂಟೆ ಮೀರುವಂತಿಲ್ಲ. ಬೆಂಗಳೂರು ನಗರದ ಎಲ್ಲೆಯಿಂದ 18 ಕಿ.ಮೀ. ಒಳಗಂತೂ ಸಕ್ರಮವೇ ಇಲ್ಲ.

• ಗೋಮಾಳದಲ್ಲಿ ಉಳುತ್ತಿದ್ದರೆ ಊರಿನ ದನಗಳ ಲೆಕ್ಕವೂ ಬೇಕು. ಪ್ರತಿ 100 ಜಾನುವಾರಿಗೆ 30 ಎಕರೆ ಮೇವಿನ ಜಾಗ ಉಳಿಯಲೇಬೇಕು ಎನ್ನುತ್ತದೆ ನಿಯಮ. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮಂಜೂರು.

• ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ಆ ಕ್ಷೇತ್ರದ ಶಾಸಕರು, ಕಾರ್ಯದರ್ಶಿ ತಹಶೀಲ್ದಾರರು. ಹಿಂದೆ ಅಕ್ಕಪಕ್ಕದ ಹೊಲದವರ ಹೇಳಿಕೆ ಮತ್ತು ಮಹಜರಿನ ಮೇಲೆ ಎಲ್ಲ ನಡೆಯುತ್ತಿತ್ತು. ಈಗ ಗ್ರಾಮ ಆಡಳಿತ ಅಧಿಕಾರಿ ಮೊಬೈಲ್ ಹಿಡಿದು ಹೊಲದ ಅಂಚಿನಲ್ಲಿ ಒಂದು ಸುತ್ತು ಬಂದರೆ ಗಡಿ ಆ್ಯಪ್‌ನಲ್ಲಿ ಮೂಡುತ್ತದೆ. ಅದನ್ನು ಹಳೆಯ ಉಪಗ್ರಹ ಚಿತ್ರದ ಪಕ್ಕಕ್ಕಿಟ್ಟು, 2005ಕ್ಕೆ ಮೊದಲು ಅಲ್ಲಿ ಉಳುಮೆ ಇತ್ತೇ, ಬರೀ ಕುರುಚಲು ಇತ್ತೇ ಎಂದು ನೋಡುತ್ತಾರೆ. ನೆರೆಯವರ ಬಾಯಿಮಾತಿಗೆ ಆಕಾಶದಿಂದ ತೆಗೆದ ಫೋಟೊ ಸಾಕ್ಷಿ ಸೇರಿಕೊಂಡಿದೆ.

ನಕ್ಷೆಯಲ್ಲಿಲ್ಲದ ಊರುಗಳು

• ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಕುರುಬರಹಟ್ಟಿ, ನಾಯಕರಹಟ್ಟಿ, ಮಜರೆ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್, ಕಾಲೋನಿ. ಇದು ಊರ ಹೆಸರುಗಳ ಪಟ್ಟಿಯಲ್ಲ. ದಾಖಲೆ ಇಲ್ಲದ ಜನವಸತಿ ಎಂದರೆ ಯಾವುವು ಎಂದು ಕರ್ನಾಟಕ ಭೂಕಂದಾಯ ಕಾಯ್ದೆಯ 94–ಡಿ ಕಲಂ ಗುರುತಿಸುವ ಬಗೆ. ಮಧುಗಿರಿ ಉಪವಿಭಾಗದಲ್ಲಿ ಈ ಪಟ್ಟಿಯ ಅರ್ಧವಾದರೂ ಕಣ್ಣಿಗೆ ಬೀಳುತ್ತದೆ.

• ಊರಿದೆ, ಶಾಲೆಯಿದೆ, ಮತಗಟ್ಟೆಯೂ ಇದೆ, ಆದರೆ ಕಂದಾಯ ಗ್ರಾಮವಲ್ಲ. ಹಾಗೆಂದರೆ ತೊಂದರೆಯೇನು? ಮನೆ ನಿಂತ ಜಾಗ ದಾಖಲೆಯಲ್ಲಿ ಸರ್ಕಾರದ್ದೋ, ಬೇರೊಬ್ಬರ ಹೊಲವೋ ಆಗಿರುತ್ತದೆ. ಇ–ಸ್ವತ್ತಿನಲ್ಲಿ ಖಾತೆ ಆಗದು, ಬ್ಯಾಂಕು ಸಾಲ ಕೊಡದು, ಅಣ್ಣತಮ್ಮಂದಿರ ಭಾಗ ಕಾಗದದ ಮೇಲೆ ಬಾರದು.

• ಸರ್ಕಾರಿ ಜಾಗದ ಮನೆಗಳಿಗೆ 94–ಸಿ, 94–ಸಿಸಿ, 94–ಡಿ ಕಲಂಗಳಿವೆ. ಹಟ್ಟಿ ಖಾಸಗಿಯವರ ಜಮೀನಿನ ಮೇಲೆ ನಿಂತಿದ್ದರೆ? ಅದಕ್ಕೆ ಭೂಸುಧಾರಣಾ ಕಾಯ್ದೆಗೆ 38–ಎ ಎಂಬ ಹೊಸ ಕಲಂ ಸೇರಿಸಿದರು. ಜಮೀನು ಸರ್ಕಾರಕ್ಕೆ ಸೇರಿ, ಮನೆ ಅದರಲ್ಲಿ ವಾಸವಿದ್ದವರ ಹೆಸರಿಗೆ ಬರುತ್ತದೆ. ಜಮೀನಿನ ಒಡೆಯರಿಗೆ ಪರಿಹಾರ.

• 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಹಕ್ಕುಪತ್ರ ಹಂಚಿತು. ಪಕ್ಷ ಬೇರೆ, ವೇದಿಕೆ ಬೇರೆ, ಕೆಲಸ ಒಂದೇ.

• ಹಕ್ಕುಪತ್ರದಲ್ಲಿ ಮೊದಲು ನೋಡಬೇಕಾದ್ದು ಮುಖ್ಯಮಂತ್ರಿಗಳ ಫೋಟೊ ಅಲ್ಲ, ಚಕ್ಕುಬಂದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ದಾರಿ, ಉತ್ತರಕ್ಕೇನು, ದಕ್ಷಿಣಕ್ಕೇನು. ಸರ್ವೆ ನಂಬರು, ಉದ್ದ, ಅಗಲ. ಇವುಗಳಲ್ಲಿ ಒಂದು ತಪ್ಪಿದರೂ ಸಕ್ರಮವಾದ ಮನೆ ಮತ್ತೆ ತಕರಾರಿಗೆ ಬೀಳುತ್ತದೆ.

• ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳು ಹುಟ್ಟಿದ್ದು ದನ, ಕುರಿಗಳ ಹಿಂದೆ. ಮೇವಿದ್ದಲ್ಲಿ ರೊಪ್ಪ, ರೊಪ್ಪದ ಸುತ್ತ ಮುಳ್ಳುಬೇಲಿ, ಆಮೇಲೆ ಗುಡಿಸಲು. ಅವರ ವೀರ ಜುಂಜಪ್ಪನ ನೆಲೆ ಶಿರಾ ತಾಲ್ಲೂಕಿನ ಕಳುವರಹಳ್ಳಿ. ಕಾಡುಗೊಲ್ಲ ಅಭಿವೃದ್ಧಿ ನಿಗಮದ ಘೋಷಣೆ ಬಂದದ್ದು 2020ರಲ್ಲಿ, ಶಿರಾ ಉಪಚುನಾವಣೆಯ ಹೊಸ್ತಿಲಲ್ಲಿ.

• ಶಿರಾದಿಂದ ಬಲವಂತದ ವಲಸೆಯೂ ನಡೆದಿದೆ. ಟಿಪ್ಪು ಶ್ರೀರಂಗಪಟ್ಟಣದ ಪಕ್ಕ ಶಹರ್ ಗಂಜಾಂ ಕಟ್ಟಿಸಿದಾಗ, ಅಲ್ಲಿ ಜನ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಮೊಘಲರ ಸುಬಾ ರಾಜಧಾನಿಯಾಗಿದ್ದ ಊರು ಹೀಗೂ ಬರಿದಾಯಿತು.

• ಕಾಗದದ ಬೆಲೆ ಎಷ್ಟು? ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡಿದ್ದಲ್ಲ, ಗುತ್ತಿಗೆಗೆ ಪಡೆದದ್ದು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಆ ಹಣ ಬರುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ.

• ಅರಣ್ಯ ಹಕ್ಕು ಕಾಯ್ದೆಯ ಗಡುವು 2005ರ ಡಿಸೆಂಬರ್ 13. ಬುಡಕಟ್ಟಿನವರು ಆ ದಿನಕ್ಕೆ ಮೊದಲು ಕಾಡಿನ ಜಮೀನಿನಲ್ಲಿದ್ದರೆ ಸಾಕು. ಇತರರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದಕ್ಕೆ ಪುರಾವೆ ಕೊಡಬೇಕು.

• ಹುಟ್ಟಿದ್ದೂ ‘ಸಕ್ರಮ’ ಆಗಬೇಕು! ಒಂದು ವರ್ಷ ಕಳೆದ ಮೇಲೆ ಜನನ ನೋಂದಣಿ ಮಾಡಿಸುವುದಾದರೆ 2023ರ ತಿದ್ದುಪಡಿಯ ಪ್ರಕಾರ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟ್, ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ.

• ಸ್ವಂತ ದೇಶದಲ್ಲೇ ಓಡಾಡಲು ಪಾಸು ಬೇಕಿದ್ದ ಕಾಲವಿತ್ತು. 1871ರಲ್ಲಿ ಬ್ರಿಟಿಷರು ತಂದ ಕಾಯ್ದೆ ಹಲವು ಅಲೆಮಾರಿ ಸಮುದಾಯಗಳಿಗೆ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹಚ್ಚಿತು. ಠಾಣೆಯಲ್ಲಿ ಹಾಜರಿ ಹಾಕದೆ ಊರು ಬಿಡುವಂತಿರಲಿಲ್ಲ. ಅದು ತೊಲಗಿದ್ದು 1952ರ ಆಗಸ್ಟ್ 31ರಂದು, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ.

ಗಡಿ ಯಾವುದು, ವಿದೇಶಿ ಯಾರು?

• ಪಾವಗಡಕ್ಕೆ ಮೂರು ಕಡೆ ಆಂಧ್ರ. ದಿನಕ್ಕೆ ನಾಲ್ಕು ಸಲ ರಾಜ್ಯದ ಗಡಿ ದಾಟಿದರೂ ಯಾರೂ ಕಾಗದ ಕೇಳರು. ದೇಶದ ಯಾವ ಮೂಲೆಯಲ್ಲಾದರೂ ಓಡಾಡಲು, ನೆಲೆಸಲು ಸಂವಿಧಾನದ 19ನೇ ವಿಧಿ ಹಕ್ಕು ಕೊಟ್ಟಿದೆ. ಆದರೆ ಅದೇ ಪಾವಗಡದವರು ಅರುಣಾಚಲ ಪ್ರದೇಶ, ನಾಗಾಲ್ಯಾಂಡ್, ಮಿಜೋರಾಂ ಅಥವಾ ಮಣಿಪುರಕ್ಕೆ ಹೋಗಬೇಕಾದರೆ ‘ಇನ್ನರ್ ಲೈನ್ ಪರ್ಮಿಟ್’ ಬೇಕು.

• ಹೋಟೆಲಿನಲ್ಲಿ ಕೆಲಸ ಮಾಡುವ ನೇಪಾಳಿ ಹುಡುಗನಿಗೆ ವೀಸಾ ಬೇಡ. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಅವನು ಇಲ್ಲಿ ವಾಸಿಸಬಹುದು, ದುಡಿಯಬಹುದು.

• ಕೊರಟಗೆರೆಯ ಶಾಸಕ ಡಾ. ಜಿ. ಪರಮೇಶ್ವರ 2023ರ ಮೇ ತಿಂಗಳಲ್ಲಿ ರಾಜ್ಯದ ಗೃಹ ಸಚಿವರಾದರು. ಅಕ್ರಮ ವಲಸಿಗರ ಬಗ್ಗೆ ವಿಧಾನಸೌಧದಲ್ಲಿ ಉತ್ತರ ಹೇಳುವ ಖಾತೆ ಅದು. ಆದರೆ ಯಾರನ್ನಾದರೂ ಸಕ್ರಮ ಮಾಡುವ ಅಧಿಕಾರ ಅದಕ್ಕಿಲ್ಲ. ಪೌರತ್ವ, ವಿದೇಶಿಯರು, ವೀಸಾ, ಗಡೀಪಾರು ಎಲ್ಲವೂ ಕೇಂದ್ರ ಪಟ್ಟಿಯ ವಿಷಯಗಳು. ಹಿಡಿಯುವುದು ರಾಜ್ಯದ ಪೊಲೀಸರು, ನೀತಿ ಮಾಡುವುದು ದೆಹಲಿ.

• ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಕಾಗದವಿಲ್ಲದ ವಿದೇಶಿಯರನ್ನೆಲ್ಲ ಒಟ್ಟಿಗೆ ಸಕ್ರಮ ಮಾಡುವ ಸಾಮಾನ್ಯ ಯೋಜನೆಯೂ ನಮ್ಮಲ್ಲಿಲ್ಲ. ಒಂದೊಂದು ಗುಂಪಿಗೆ ಒಂದೊಂದು ಆದೇಶ.

• ನೀವು ಯಾವಾಗ ಹುಟ್ಟಿದಿರಿ? 1950ರ ಜನವರಿ 26ರಿಂದ 1987ರ ಜೂನ್ 30ರ ನಡುವೆ ಭಾರತದಲ್ಲಿ ಹುಟ್ಟಿದ್ದರೆ, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟು, ಅಪ್ಪ–ಅಮ್ಮ ಯಾವ ದೇಶದವರಾದರೂ ನೀವು ಭಾರತೀಯರು. 1987ರ ಜುಲೈ 1ರಿಂದ ಹುಟ್ಟಿದವರಿಗೆ ಅಪ್ಪ–ಅಮ್ಮರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

• ಆಧಾರ್ ಇದ್ದರೆ ಪೌರತ್ವ ಸಿಕ್ಕಂತೆಯೇ? ಇಲ್ಲ. 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದವರು ಆಧಾರ್ ಪಡೆಯಬಹುದು. ಅದು ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯಲ್ಲೇ ಬರೆದಿದೆ.

• 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1920, 1939, 1946 ಮತ್ತು 2000ದ ನಾಲ್ಕು ಕಾನೂನುಗಳ ಜಾಗಕ್ಕೆ ಇದೊಂದು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳನುಸುಳಿದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಕ್ಕೆ ಒಳಗಾದವರದೇ.

• ಅದೇ ದಿನ ಒಂದು ವಿನಾಯಿತಿ ಆದೇಶವೂ ಹೊರಟಿತು. ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2024ರ ಡಿಸೆಂಬರ್ 31ರೊಳಗೆ ಆಶ್ರಯ ಬೇಡಿ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಕಾಗದ ಇಲ್ಲವೆಂದು ಶಿಕ್ಷೆಯಿಲ್ಲ. 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೂ ವಿನಾಯಿತಿ. ಇದು ಶಿಕ್ಷೆಯಿಂದ ರಕ್ಷಣೆ ಮಾತ್ರ, ಪೌರತ್ವವಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ಗಡುವು ಈಗಲೂ 2014ರ ಡಿಸೆಂಬರ್ 31. ಅದರ ನಿಯಮಗಳು ಹೊರಬಿದ್ದದ್ದು 2024ರ ಮಾರ್ಚ್ 11ರಂದು.

• ಗಡೀಪಾರಿಗೆ ಕಾಯುವ ವಿದೇಶಿಯರನ್ನು ಇರಿಸುವ ಕೇಂದ್ರ ನಮ್ಮ ಪಕ್ಕದಲ್ಲೇ ಇದೆ. ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ಹಾಸ್ಟೆಲನ್ನೇ ಇದಕ್ಕಾಗಿ ಮಾರ್ಪಡಿಸಿದರು.

ಕನ್ನಡ ನಾಡಿನಲ್ಲಿ ನೆಲೆ ಕಂಡವರು

• ಕರ್ನಾಟಕದಲ್ಲಿ ಟಿಬೆಟಿಯನ್ನರ ಐದು ವಸಾಹತುಗಳಿವೆ: ಬೈಲಕುಪ್ಪೆಯಲ್ಲಿ ಎರಡು, ಮುಂಡಗೋಡ, ಹುಣಸೂರು, ಕೊಳ್ಳೇಗಾಲದಲ್ಲಿ ಒಂದೊಂದು. ಮೊದಲನೆಯದಕ್ಕೆ 1960ರ ಸುಮಾರಿಗೆ ಕಾಡು ಕಡಿದು ಜಾಗ ಮಾಡಿದರು. ಇವರ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ.

• ಆದರೂ ಅವರಲ್ಲಿ ಒಂದು ಪೀಳಿಗೆ ಭಾರತೀಯರೇ! 1950–1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಪ್ರಜೆಗಳು ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತು. 2014ರಲ್ಲಿ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 1987ರ ಜೂನ್‌ನಲ್ಲಿ ಹುಟ್ಟಿದ ಅಕ್ಕ ಪ್ರಜೆ, ಮರುವರ್ಷ ಹುಟ್ಟಿದ ತಮ್ಮ ವಿದೇಶಿ.

• ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ತಮಿಳು ಮಾತಾಡುವವರು ಎಲ್ಲಿಂದ ಬಂದರು? ಸಿಲೋನಿನ ಚಹಾ ತೋಟಗಳಿಂದ. ಯಾವ ದೇಶಕ್ಕೂ ಸೇರದೆ ಉಳಿದಿದ್ದ ಇವರನ್ನು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದ ಹಂಚಿತು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರನ್ನು ಇಂದಿರಾ ಗಾಂಧಿ 1974ರ ಒಪ್ಪಂದದಲ್ಲಿ ಸಮನಾಗಿ ಹಂಚಿಕೊಂಡರು. ನಮ್ಮ ಪಾಲಿಗೆ ಬಂದವರಲ್ಲಿ ಹಲವರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು.

• ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಈಗಲೂ ಮನೆಮಾತು ಬಂಗಾಳಿ. ಪೂರ್ವ ಪಾಕಿಸ್ತಾನದಿಂದ ಬಂದ ಕುಟುಂಬಗಳಿಗೆ ಅಲ್ಲಿ ನೆಲೆ ಕೊಟ್ಟದ್ದು ಅರ್ಧ ಶತಮಾನದ ಹಿಂದೆ. 2024ರಲ್ಲಿ ಅಲ್ಲಿನ ಕೆಲವರಿಗೆ 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಪೌರತ್ವ ಪತ್ರ ಬಂತು.

• ಅಸ್ಸಾಂನಲ್ಲಿ ಲೆಕ್ಕವೇ ಬೇರೆ. 1985ರ ಒಪ್ಪಂದದಂತೆ 1966ರ ಜನವರಿ 1ಕ್ಕೆ ಮೊದಲು ಬಂದವರು ಪ್ರಜೆಗಳು. ಅಲ್ಲಿಂದ 1971ರ ಮಾರ್ಚ್ 24ರವರೆಗೆ ಬಂದವರಿಗೆ ಹತ್ತು ವರ್ಷ ಮತದಾನವಿಲ್ಲ, ಆಮೇಲೆ ಪೂರ್ಣ ಪೌರತ್ವ. 2024ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ 4:1ರ ಬಹುಮತದಿಂದ ಇದನ್ನು ಎತ್ತಿಹಿಡಿಯಿತು.

ಅಲ್ಲಿ ನಮ್ಮವರು

• ಗಲ್ಫ್‌ನಲ್ಲಿ ‘ಅಕ್ರಮ’ವಾಗಲು ಗಡಿ ದಾಟಬೇಕಿಲ್ಲ. ವೀಸಾ ಒಬ್ಬ ಪ್ರಾಯೋಜಕನಿಗೆ ಅಂಟಿಕೊಂಡಿರುತ್ತದೆ. ಸಂಬಳ ಕೊಡದವನನ್ನು ಬಿಟ್ಟು ಓಡಿದರೆ, ಪಾಸ್‌ಪೋರ್ಟ್ ಸರಿಯಿದ್ದರೂ ನೀವು ತಲೆಮರೆಸಿಕೊಂಡವರು.

• ಅದಕ್ಕೇ ಅಲ್ಲಿ ಆಗಾಗ ಕ್ಷಮಾದಾನ ಘೋಷಿಸುತ್ತಾರೆ. ಯುಎಇ 2018ರಲ್ಲಿ ಬಾಗಿಲು ತೆರೆದಾಗ ಕೆಲಸ ಹುಡುಕಲು ಆರು ತಿಂಗಳ ವೀಸಾವನ್ನೂ ಕೊಟ್ಟಿತು. 2024ರಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಮತ್ತೊಂದು ಅವಕಾಶ. ಅದೇ ವರ್ಷ ಕುವೈತ್ ಮಾರ್ಚ್ 17ರಿಂದ ಜೂನ್ ಕೊನೆಯವರೆಗೆ ಸಮಯ ಕೊಟ್ಟಿತು: ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಿ, ಇಲ್ಲವೇ ದಂಡವಿಲ್ಲದೆ ಊರಿಗೆ ಹೋಗಿ. ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ಭಾರತದ ರಾಯಭಾರ ಕಚೇರಿ ಒಂದೇ ಪಯಣಕ್ಕೆ ಸಾಕಾಗುವ ತುರ್ತು ಪತ್ರ ಕೊಡುತ್ತದೆ.

• 2023ರ ಏಪ್ರಿಲ್‌ನಲ್ಲಿ ಸೂಡಾನ್ ಹೊತ್ತಿ ಉರಿದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳಿದ್ದರು. ಗಿಡಮೂಲಿಕೆ ಮಾರಲು ಹೋದವರು. ಇಲ್ಲಿ ಜಾಗದ ಪತ್ರಕ್ಕೆ ಅಲೆಯುವ ಸಮುದಾಯ ಅಲ್ಲಿಗೆ ಹೋದದ್ದು ಪಾಸ್‌ಪೋರ್ಟ್ ಹಿಡಿದು. ‘ಆಪರೇಷನ್ ಕಾವೇರಿ’ಯಲ್ಲಿ ವಾಪಸಾದರು.

ಜಗತ್ತಿನ ಬಗರ್ ಹುಕುಂ

• ಅಮೆರಿಕದ ದೊಡ್ಡ ಸಕ್ರಮ 1986ರಲ್ಲಿ, ರೇಗನ್ ಕಾಲದಲ್ಲಿ. 1982ರ ಜನವರಿ 1ಕ್ಕೆ ಮೊದಲಿನಿಂದ ಇದ್ದವರಿಗೂ ಹೊಲಗೆಲಸದವರಿಗೂ ಅವಕಾಶ ಸಿಕ್ಕಿ, ಸುಮಾರು 27 ಲಕ್ಷ ಜನ ಸಕ್ರಮರಾದರು.

• ಅದೇ ದೇಶದಲ್ಲಿ ಬಹುಕಾಲದಿಂದ ನೆಲೆಸಿದವರಿಗೆಂದು ಇನ್ನೊಂದು ಹಳೆಯ ಕಲಂ ಇದೆ. ಅದರ ಗಡುವು 1972ರ ಜನವರಿ 1. 1986ರ ನಂತರ ಅದನ್ನು ಯಾರೂ ಮುಂದೂಡಿಲ್ಲ. 1973ರಲ್ಲಿ ಹೋದವರು ಅರ್ಧ ಶತಮಾನ ಅಲ್ಲೇ ಬಾಳಿದ್ದರೂ ಈ ದಾರಿ ಅವರಿಗಿಲ್ಲ.

• 2025ರ ಫೆಬ್ರವರಿ 5ರಂದು ಅದೇ ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ತಂದಿಳಿಸಿತು.

• ಸ್ಪೇನ್ 2005ರಲ್ಲಿ ಮೂರು ತಿಂಗಳು ಅರ್ಜಿ ಕರೆಯಿತು. ಹೆಚ್ಚಿನ ಅರ್ಜಿ ಹಾಕಿದ್ದು ವಲಸಿಗರಲ್ಲ, ಕೆಲಸ ಕೊಡುವ ಮಾಲೀಕರು. ಸುಮಾರು 6.9 ಲಕ್ಷ ಅರ್ಜಿ ಬಂದವು. ಸಕ್ರಮವಾದವರಿಂದ ಸಾಮಾಜಿಕ ಭದ್ರತಾ ನಿಧಿಗೆ ವಂತಿಗೆ ಬರತೊಡಗಿತು.

• ಐರ್ಲೆಂಡ್ 2022ರಲ್ಲಿ ಎಷ್ಟು ವರ್ಷ ಇದ್ದೀರಿ ಎಂದು ಕೇಳಿತು. ನಾಲ್ಕು ವರ್ಷ, ಮಕ್ಕಳಿದ್ದರೆ ಮೂರು.

• ಕೊಲಂಬಿಯಾ 2021ರಲ್ಲಿ ವೆನೆಜುವೆಲಾದಿಂದ ಬಂದವರಿಗೆ ಹತ್ತು ವರ್ಷದ ರಕ್ಷಣೆ ಕೊಟ್ಟಿತು. 2021ರ ಜನವರಿ 31ಕ್ಕೆ ಅಲ್ಲಿದ್ದರೆ ಸಾಕು, ಕಳ್ಳದಾರಿಯಲ್ಲಿ ಬಂದವರಿಗೂ ಉಂಟು.

• ಪೋರ್ಚುಗಲ್ 2020ರ ಮಾರ್ಚ್‌ನಲ್ಲಿ, ಕೋವಿಡ್ ಬಂದೊಡನೆ, ಅರ್ಜಿ ಬಾಕಿಯಿದ್ದ ವಲಸಿಗರನ್ನೆಲ್ಲ ತಾತ್ಕಾಲಿಕವಾಗಿ ಸಕ್ರಮ ನಿವಾಸಿಗಳೆಂದು ಪರಿಗಣಿಸಿತು. ಆಸ್ಪತ್ರೆಯ ಬಾಗಿಲಲ್ಲಿ ಯಾರೂ ವಾಪಸಾಗಬಾರದು ಎಂಬ ಲೆಕ್ಕ.

ಕೊನೆಗೊಂದು ಪ್ರಶ್ನೆ

• ಗಡುವಿನ ತಾರೀಖು ಹೆಚ್ಚಾಗಿ ಹಿಂದಿನದೇ ಆಗಿರುತ್ತದೆ, ಏಕೆ? ‘ಮುಂದಿನ ಯುಗಾದಿಯವರೆಗೆ ಬಂದವರಿಗೂ ಉಂಟು’ ಎಂದರೆ ಗೋಮಾಳಕ್ಕೆ ಬೇಲಿ ಹಾಕುವವರೂ ಗಡಿ ದಾಟುವವರೂ ಅಂದೇ ಹೊರಡುತ್ತಾರೆ. ಹಾಗಾಗಿ ಸರ್ಕಾರ ಹಿಂದಕ್ಕೆ ಬೆರಳು ತೋರಿಸುತ್ತದೆ. ಚುನಾವಣೆಯೋ ಬರಗಾಲವೋ ಒತ್ತಡವೋ ಬಂದಾಗ ಆ ಬೆರಳು ಒಂದಿಷ್ಟು ಮುಂದಕ್ಕೆ ಸರಿಯುತ್ತದೆ. ಎಲ್ಲಿಗೆ ಸರಿಯುತ್ತದೆಂದು ಮೊದಲೇ ಯಾರಿಗೂ ತಿಳಿಯದು. ಆದ್ದರಿಂದ ಮನೆ ಕಂದಾಯದ ರಸೀತಿ, ಕರೆಂಟ್ ಬಿಲ್ಲು, ಮಕ್ಕಳ ಟಿ.ಸಿ., ಹಳೆಯ ಮತದಾರರ ಪಟ್ಟಿಯ ಪ್ರತಿ ಯಾವುದನ್ನೂ ಹಳೇ ಪೇಪರ್‌ನವರಿಗೆ ಹಾಕಬೇಡಿ. ಹೆಸರು, ಊರು, ತಾರೀಖು ಮೂರೂ ಇರುವ ಕಾಗದಕ್ಕೆ ಎಂದೋ ಒಂದು ದಿನ ಕೆಲಸ ಬೀಳುತ್ತದೆ.